ಕಲ್ಲು ಹತ್ತುವ ಗಾಡಿ

"ಯಾರೊಟ್ಟಿಗೆ ಓಡಿಸ್ತೀರಿ ಶೆಟ್ರೇ?" ಎಂದು ಇಮ್ತಿಯಾಝ್ ಕೇಳಿದ.

ಜಯಕರನ ಕೈಯಲ್ಲಿ ಕೆಂಪು ರೇಸ್ ಕಾರಿನ ಪೆಟ್ಟಿಗೆ ಇತ್ತು. ಬಿ.ಸಿ. ರೋಡಿನ ಇಮ್ತಿಯಾಝ್ ಮೊಬೈಲ್ ರಿಪೇರಿಯವನಾದರೂ ಒಳಗಿನ ಕಪಾಟಿನಲ್ಲಿ ದೊಡ್ಡವರು ಆಡುವ ರಿಮೋಟ್ ಕಾರುಗಳನ್ನು ಇಟ್ಟಿರುತ್ತಾನೆ. ಆ ಕಾರಿನ ಓಟದ ವೀಡಿಯೊವನ್ನು ಜಯಕರ ತಿಂಗಳಿನಿಂದ ನೋಡುತ್ತಿದ್ದ. ಅದಕ್ಕಾಗಿಯೇ ಮೂಡುಬಿದಿರೆಯ ತನ್ನ ಪೈಂಟ್ ಅಂಗಡಿಗೆ ಬೀಗ ಹಾಕಿ ಇಷ್ಟು ದೂರ ಬಂದಿದ್ದ. ಇಂಥದ್ದೊಂದು ಪ್ರಶ್ನೆ ಬರುತ್ತದೆಂದು ಅವನು ಎಣಿಸಿರಲಿಲ್ಲ.

"ಯಾರೊಟ್ಟಿಗೆ ಅಂದರೆ? ನಾನೇ."

"ಒಬ್ಬರೇಯಾ? ಹಾಗಾದ್ರೆ ಇದು ಬೇಡ. ಸ್ಪೀಡಿನ ಗಾಡಿಗೆ ಪಕ್ಕದಲ್ಲಿ ಇನ್ನೊಂದು ಗಾಡಿ ಬೇಕು. ಸೋಲಲಿಕ್ಕೆ ಗೆಲ್ಲಲಿಕ್ಕೆ ಜನ ಇಲ್ಲದಿದ್ರೆ ಎರಡು ವಾರಕ್ಕೆ ಬೇಜಾರಾಗ್ತದೆ." ಅವನು ಮೇಲಿನಿಂದ ಇನ್ನೊಂದನ್ನು ಇಳಿಸಿದ. ಎತ್ತರದ ಹಸಿರು ಜೀಪು, ಗುಂಡು ಗುಂಡು ಟಯರು. "ಕ್ರಾಲರ್ ತಗೊಳ್ಳಿ. ಕಲ್ಲು ಹತ್ತುವ ಗಾಡಿ. ನೀವು ನಡೆದಷ್ಟೇ ನಿಧಾನ. ಇದಕ್ಕೆ ಜೊತೆ ಬೇಡ, ಕಲ್ಲಿದ್ರೆ ಸಾಕು."

"ಕಲ್ಲಿಗೆಂತ, ಬೇಕಾದಷ್ಟು ಉಂಟು," ಎಂದ ಜಯಕರ. ಹಸಿರು ಜೀಪಿನ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಬಂದಾಗ ಹೊಸ ಸಾಮಾನು ಕೊಂಡ ಖುಷಿ ಅವನಲ್ಲಿ ಒಂದಿಷ್ಟೂ ಇರಲಿಲ್ಲ.

ಜೊತೆಯವನು ಇಲ್ಲವೆಂದಲ್ಲ. ಬೆಳುವಾಯಿಯಲ್ಲಿ ಅವನ ಅಂಗಳದ ಗೋಡೆಯ ಆಚೆಗೇ ಇದ್ದ. ಅಣ್ಣ ಭೋಜ. ಭೋಜ ಮುಂಬೈಯ ಹೋಟೆಲಿನಲ್ಲಿದ್ದ ಕಾಲದಲ್ಲಿ ಒಮ್ಮೆ ಊರಿಗೆ ಬರುವಾಗ ಇಂಜಿನ್ ಇರುವ ಎರಡು ರಿಮೋಟ್ ಕಾರು ತಂದಿದ್ದ, ಒಂದು ತನಗೆ, ಒಂದು ತಮ್ಮನಿಗೆ. ಕೊಯ್ಲು ಮುಗಿದ ಗದ್ದೆಯಲ್ಲಿ ಅವೆರಡೂ ಹೊಗೆ ಕಾರುತ್ತಾ ಓಡುತ್ತಿದ್ದರೆ ಊರಿನ ನಾಯಿಗಳಿಗೆಲ್ಲ ಹುಚ್ಚು ಹಿಡಿಯುತ್ತಿತ್ತು. ಭೋಜ ಮಹಾ ಮೋಸಗಾರ. ಒಂದು, ಎರಡು ಎಂದು ಹೇಳಿ, ಮೂರು ಬಾಯಿಗೆ ಬರುವ ಮೊದಲೇ ಗಾಡಿ ಬಿಡುತ್ತಿದ್ದ. ಸೋತವನು ಗೋಳಿಬಜೆ ಕೊಡಿಸಬೇಕು. ಜಯಕರ ಎಷ್ಟು ಗೋಳಿಬಜೆ ಕೊಡಿಸಿದ್ದಾನೋ ದೇವರೇ ಬಲ್ಲ.

'ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು' ಎಂಬ ಗಾದೆ ಕಟ್ಟಿದವನು ಬೆಳುವಾಯಿಗೆ ಬಂದು ನೋಡಿಕೊಂಡೇ ಹೋಗಿರಬೇಕು. ಆಸ್ತಿ ಪಾಲಾಗುವ ಹೊತ್ತಿಗೆ ಜಯಕರ ಅಣ್ಣನಿಗೆ ಒಂದು ಮಾತು ಹೇಳದೆ ಸರ್ವೆಯವನನ್ನು ಕರೆಸಿ ಅಂಗಳ ಅಳೆಸಿದ. "ನಾನು ಒಂದು ಗೇಣು ಜಾಸ್ತಿ ಹಿಡಿಯುತ್ತೇನೆ ಅಂತ ಲೆಕ್ಕ ಹಾಕಿದವನ ಹತ್ರ ನನಗೆಂತ ಮಾತು?" ಎಂದ ಭೋಜ ಅಂದು ಮುಚ್ಚಿದ ಬಾಯಿಯನ್ನು ಮತ್ತೆ ತೆರೆಯಲಿಲ್ಲ. ಗೋಡೆ ಎದ್ದಿತು. ಅದೇ ಸಿಟ್ಟಿನಲ್ಲಿ ಜಯಕರ ತನ್ನ ರಿಮೋಟ್ ಕಾರನ್ನು ಗುಜರಿಯವನಿಗೆ ಕೊಟ್ಟುಬಿಟ್ಟ. ಪಾಲಾಗದೆ ಉಳಿದದ್ದು ಮರಗಳ ನಡುವೆ ನಾಗನ ಕಲ್ಲುಗಳಿರುವ ನಾಗಬನ ಒಂದೇ. ಗೋಡೆ ಅದರವರೆಗೆ ಬಂದು ನಿಂತಿದೆ. ನಾಗರಪಂಚಮಿಯ ದಿನ ಭೋಜನ ಮನೆಯವರು ಬೆಳಿಗ್ಗೆ ಬೇಗ ಬಂದು ನಾಗನ ಕಲ್ಲಿಗೆ ಹಾಲು, ಸೀಯಾಳದ ತನು ಎರೆಸಿ ಹೋಗುತ್ತಾರೆ. ಅವರ ಬೆನ್ನು ಕಂಡ ಮೇಲೆ ಜಯಕರನ ಮನೆಯವರು ಹೊರಡುತ್ತಾರೆ.

"ಅರುವತ್ತಕ್ಕೆ ಅರಳುಮರಳು ಅಂತಾರೆ. ನಿಮಗೆ ನಲ್ವತ್ತೇಳಕ್ಕೇ ಬಂತಾ?" ಎಂದಳು ಹೆಂಡತಿ ಕಾಂತಿ, ಜೀಪು ನೋಡಿ. ಆದರೆ ಸಂಜೆ ಅವನು ಬೇಲಿಯ ಬದಿಯ ಕೆಂಪುಕಲ್ಲಿನ ರಾಶಿಯ ಮೇಲೆ ಅದನ್ನು ಹತ್ತಿಸುವಾಗ ಚಾ ಅಲ್ಲಿಗೇ ತಂದುಕೊಟ್ಟಳು. ಗಾಡಿ ನಿಜಕ್ಕೂ ಗಟ್ಟಿಗ. ಒಂದು ಚಕ್ರ ಮೇಲೆತ್ತಿ, ಯೋಚಿಸಿ, ಮತ್ತೊಂದು ಚಕ್ರ ಊರಿ ಹತ್ತುತ್ತಿತ್ತು. ಜಯಕರ ಅದರ ಹಿಂದೆ ನಡೆಯುತ್ತಿದ್ದ. ಹತ್ತಿ ತುದಿ ಮುಟ್ಟಿದಾಗ "ಹೋ!" ಎನ್ನಲು ಬಾಯಿ ತೆರೆದು, ಪಕ್ಕಕ್ಕೆ ತಿರುಗಿ, ಯಾರೂ ಇಲ್ಲದ್ದು ಕಂಡು ಬಾಯಿ ಮುಚ್ಚುತ್ತಿದ್ದ.

ಬಿಸು ಹಬ್ಬ ಕಳೆದ ಮೇಲಿನ ಒಂದು ಭಾನುವಾರ ಗಾಡಿಯನ್ನು ಬನದ ಕಟ್ಟೆಯ ಪಕ್ಕದಲ್ಲಿ ನಡೆಸುತ್ತಿದ್ದಾಗ ಆಚೆಯಿಂದ ಭೋಜನ ಕೆಮ್ಮು ಕೇಳಿತು. ಅಣ್ಣನ ಕೆಮ್ಮು ಇಷ್ಟು ಗೊರಗೊರ ಯಾವಾಗ ಆಯಿತೆಂದು ಜಯಕರ ತಲೆಯೆತ್ತಿದ. ಬೆರಳು ರಿಮೋಟಿನ ಮೇಲೆಯೇ ಇತ್ತು. ಗಾಡಿ ಕಟ್ಟೆ ಹತ್ತಿ, ಕಲ್ಲು ಜರಿದಿದ್ದ ಕಡೆಯಿಂದ ಬನದೊಳಗೆ ಇಳಿದು, ದೊಡ್ಡ ಮರದ ಬೇರಿನ ಹಿಂದೆ ಮರೆಯಾಯಿತು.

ಜಯಕರನ ಜೀವ ಹಾರಿಹೋಯಿತು. ಬನಕ್ಕೆ ಯಾರೂ ಕಾಲಿಡುವಂತಿಲ್ಲ. ವರ್ಷಕ್ಕೊಮ್ಮೆ ಪಂಚಮಿಗೆ ಭಟ್ಟರು ಬಂದಾಗ ಮಾತ್ರ. ಅಲ್ಲಿಯವರೆಗೆ ಒಣಗಿದ ಎಲೆಯನ್ನು ಸಹ ಹೆಕ್ಕುವುದಿಲ್ಲ. ಅವನು ಅಂದಾಜಿನಲ್ಲಿ ಹಿಂದಕ್ಕೆ ಎಳೆದ. ಚಕ್ರ ತಿರುಗಿದ ಸದ್ದು ಬಂತೇ ಹೊರತು ಗಾಡಿ ಬರಲಿಲ್ಲ.

"ನಾಗನ ಕಲ್ಲಿಗೆ ತಾಗಲಿಲ್ಲ. ಬೇರಿನ ಸಂದಿಯಲ್ಲಿ ಉಂಟು," ಎಂದಿತು ಆಚೆಯಿಂದ ಒಂದು ಸ್ವರ. ಜಯಕರನಿಗಲ್ಲ, ಮರಕ್ಕೆ ಹೇಳಿದ ಹಾಗೆ.

ಜಯಕರ ಮರಗಳ ನಡುವಿನಿಂದ ಇಣುಕಿದ. ಬನದ ಆಚೆ ಬದಿಯಲ್ಲಿ, ಹೆಗಲಿಗೆ ಬೈರಾಸು ಹಾಕಿಕೊಂಡು, ಭೋಜ ನಿಂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು.

"ಗಾಡಿಯ ದೀಪ ಉರಿಯುತ್ತಾ ಉಂಟಾ?" ಎಂದು ಜಯಕರನೂ ಮರವನ್ನೇ ಕೇಳಿದ. "ಅದು ಉರಿಯುವ ತನಕ ಬ್ಯಾಟರಿ ಉಂಟು, ತೊಂದರೆ ಇಲ್ಲ."

"ಎರಡೂ ಉರೀತದೆ. ಸ್ವಲ್ಪ ಹಿಂದೆ ತಗೊ. ಈಗ ಎಡಕ್ಕೆ."

"ನಿನ್ನ ಎಡವಾ, ನನ್ನ ಎಡವಾ?"

"ಗಾಡಿಯ ಎಡ ಮಾರಾಯ! ಆವತ್ತೂ ನಿನಗೆ ಎಡ ಬಲ ಗೊತ್ತಿರ್ಲಿಲ್ಲ."

"ಗೊತ್ತಿತ್ತು. ನೀನು ಮೂರು ಹೇಳುವ ಮೊದಲೇ ಬಿಡ್ತಿದ್ದಿ, ಅದಕ್ಕೆ ಸೋತದ್ದು."

"ಗೋಳಿಬಜೆ ಲಾಯ್ಕ ಇತ್ತು," ಎಂದ ಭೋಜ. ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ. "ಹಾಂ, ಬಂತು, ಬಂತು. ನಿಲ್ಲಿಸು! ಬಲಕ್ಕೆ ಒಂಚೂರು. ಎಂತ ಗಾಡಿ ಮಾರಾಯ ಇದು, ಉಡದ ಹಾಗೆ ಹಿಡ್ಕೊಳ್ತದೆ."

ಹೀಗೆ ಸುಮಾರು ಹೊತ್ತು ಹೋಯಿತು. ಅಣ್ಣ ಹೇಳುತ್ತಿದ್ದ, ತಮ್ಮ ಕಾಣದ ಗಾಡಿಯನ್ನು ನಡೆಸುತ್ತಿದ್ದ. ಅಷ್ಟು ವರ್ಷ ಆಡದೆ ಉಳಿದ ಮಾತೆಲ್ಲ ಎಡ, ಬಲ, ಹಿಂದೆ, ಮುಂದೆ ಎಂದೇ ಬರುತ್ತಿತ್ತು. ಜಯಕರನಿಗೆ ಅಷ್ಟೇ ಸಾಕಾಗಿತ್ತು. ಅಳು ಬರುವ ಹಾಗಾಗುತ್ತಿತ್ತು, ಸಂತೋಷವೂ ಆಗುತ್ತಿತ್ತು.

"ಇನ್ನು ಒಂದೇ ಕಲ್ಲು," ಎಂದ ಭೋಜ. "ಇದನ್ನು ಹತ್ತಿದ್ರೆ ನನ್ನ ಕಾಲ ಬುಡಕ್ಕೆ ಬಂತು. ಸೀದಾ ಬಿಡು."

ಜಯಕರನ ಬೆರಳು ನಿಂತಿತು. ಗಾಡಿ ಹೊರಗೆ ಬರುತ್ತದೆ. ಭೋಜ ಅದನ್ನು ಎತ್ತಿ ಗೋಡೆಯ ಮೇಲೆ ಇಡುತ್ತಾನೆ, ಬೈರಾಸು ಕೊಡವಿ ಒಳಗೆ ಹೋಗುತ್ತಾನೆ. ನಾಳೆ ಹೇಳಲು ಎಂಥದ್ದೂ ಇರುವುದಿಲ್ಲ. ಮತ್ತೆ ಅದೇ ಗೋಡೆ, ಅದೇ ಕೆಮ್ಮು.

"ಬಿಡು ಮಾರಾಯ, ಎಂತ ನೋಡ್ತಿ?"

ಜಯಕರ ರಿಮೋಟಿನ ಸ್ವಿಚ್ಚನ್ನು ಮೆಲ್ಲಗೆ ಆಫ್ ಮಾಡಿದ.

"ಅಣ್ಣ," ಎಂದ. ಆ ಶಬ್ದ ಹೊರಡಲು ಕಷ್ಟವಾಯಿತು. "ಬ್ಯಾಟರಿ ಹೋಯ್ತು."

ಭೋಜ ಬನದೊಳಗೆ ನೋಡಿದ, ತಮ್ಮನನ್ನು ನೋಡಿದ, ಮತ್ತೆ ಬನದೊಳಗೆ ನೋಡಿದ. ಬೈರಾಸನ್ನು ತೆಗೆದು ಮುಖ ಒರೆಸಿಕೊಂಡ.

"ಹೌದು. ಹೋಯ್ತು ಕಾಣ್ತದೆ," ಎಂದ ಕೊನೆಗೆ. "ಇನ್ನು ಎಂತ ಮಾಡುದು? ಒಳಗೆ ಹೋಗ್ಲಿಕ್ಕೆ ಆಗುದಿಲ್ಲ. ಪಂಚಮಿಗೆ ಭಟ್ರು ಬಂದಾಗಲೇ ತೆಗಿಬೇಕು."

"ಆಗ್ಲಿ."

"ಮಳೆಗೆ ಹಾಳಾಗ್ತದೆ."

"ಆದ್ರೆ ಆಗ್ಲಿ."

"ನೀವು ಎಷ್ಟು ಗಂಟೆಗೆ ಬರುದು ಆವತ್ತು?"

"ನೀವೆಲ್ಲ ಹೋದ ಮೇಲೆ."

ಭೋಜ ಬೈರಾಸನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. "ಈ ಸಲ ನಾವು ಇರುವಾಗಲೇ ಬನ್ನಿ. ಗಾಡಿ ನಿನ್ನದು. ನಾನು ಹೇಗೆ ಮುಟ್ಟುದು?"

ಜಯಕರ ಹೂಂ ಎಂದ. ಒಳಗಿನಿಂದ ಕಾಂತಿ ಕರೆದಳು. ಅವನು ಹೋಗಲಿಲ್ಲ. ಆಚೆಯ ಮನೆಯಲ್ಲಿ ಲೈಟು ಹಾಕಿದರು. ಭೋಜನೂ ಹೋಗಲಿಲ್ಲ. ಕತ್ತಲೆ ಇಳಿಯುತ್ತಾ ಬಂದ ಹಾಗೆ ಬನದ ಬೇರುಗಳ ನಡುವಿನ ಆ ಸಣ್ಣ ಬಿಳಿ ಬೆಳಕು ಈಚೆಗೂ ಕಾಣತೊಡಗಿತು, ಒಣಗಿದ ಎಲೆಗಳ ಮೇಲೆ, ಮರದ ಬುಡದ ಮೇಲೆ. ಇಬ್ಬರೂ ಅದನ್ನೇ ನೋಡುತ್ತಾ, ಅದರ ಬಗ್ಗೆ ಒಂದು ಮಾತೂ ಆಡದೆ, ತಮ್ಮ ತಮ್ಮ ಬದಿಯಲ್ಲಿ ನಿಂತೇ ಇದ್ದರು.