ಮೂರನೆಯ ಕೂಗು

ಅರ್ಗಾದ ನೌಕಾನೆಲೆಯ ಬೇಲಿಯಾಚೆಯ ಬಂಡೆಗಳಲ್ಲಿ ಚಿಪ್ಪಿ ಕೀಳಲು ಹೋದ ನಿತೇಶ ಪೊಲೀಸರ ಕೈಗೆ ಸಿಕ್ಕಿಬಿದ್ದಂದಿನಿಂದ, ಕೋಡಿಬಾಗದಲ್ಲಿ ಅವನ ಹೆಂಡತಿ ಮಂದಾಕಿನಿಗೆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಪಕ್ಕದ ಮನೆಯ ಫಿಲೋಮಿನಾಬಾಯಿ ಬೈಬಲಿನ ಪೇತ್ರನ ಕತೆ ಹೇಳಿ ಸಮಾಧಾನ ಮಾಡಿದ್ದಳು. “ದೇವದೂತ ಬಂದ, ಸರಪಳಿ ಕಳಚಿ ಬಿತ್ತು, ಜೈಲಿನ ಬಾಗ್ಲು ತಾನಾಗೇ ತೆರೀತು. ನೀನೂ ಬೇಡ್ಕೊ ಬಾಯಿ, ಯಾವ ದೇವ್ರಾದ್ರೂ ಅಡ್ಡಿಲ್ಲ.” ಮಂದಾಕಿನಿ ಬೇಡಿಕೊಂಡಿದ್ದಳು.

ದೀಪ ಹಚ್ಚುವ ಹೊತ್ತಿಗೆ ಹಿತ್ತಲಿನಿಂದ ನಿತೇಶನ ದನಿ ಬಂತು. “ಮಂದಾ.”

ಅವಳು ಓಗೊಡಲಿಲ್ಲ. ಸತ್ತವರು ಮುಸ್ಸಂಜೆಯಲ್ಲಿ ಬಂದು ಎರಡೇ ಸಲ ಕರೆಯುತ್ತಾರೆ, ಮೂರನೆಯ ಕೂಗಿಗಷ್ಟೇ ಓಗೊಡಬೇಕೆಂದು ಅತ್ತೆ ಕಲಿಸಿದ್ದಳು.

“ಮಂದಾ” ಎಂದಿತು ದನಿ, ಮತ್ತೆ ಸುಮ್ಮನಾಯಿತು. ಲಾಕಪ್ಪಿನಲ್ಲಿ ಅವನನ್ನು ಏನು ಮಾಡಿದರೋ ಎಂದುಕೊಂಡು ಅವಳು ಹಿತ್ತಲ ಬಾಗಿಲಿಗೆ ಕಿವಿಯಾನಿಸಿದಳು.

“ಮೂರ್ನೇದಕ್ಕೆ ಕಾಯ್ತೀಯೇನೆ ಮಾರಾಯ್ತಿ? ನಾ ಜೀವಂತ ಇದ್ದೇನೆ.”

ಅವಳು ಅಗಳಿ ತೆಗೆದಳು. “ಬಿಟ್ರಾ?”

“ಬಿಡ್ಲಿಲ್ಲ. ಬಾಗ್ಲು ತೆರೆದೇ ಇತ್ತು, ಕಾವಲಿನವ ಕೂತಲ್ಲೇ ನಿದ್ದೆ ಹೊಡೀತಿದ್ದ. ಎದ್ದು ಬಂದೆ.”

ರಸ್ತೆಯ ಕಡೆ ಜೀಪಿನ ಸದ್ದಾಯಿತು. ಅವಳು ಬೇಡಿದ್ದೇನೋ ಆಗಿತ್ತು. ಆದರೆ ಪೇತ್ರನನ್ನು ಹುಡುಕಿಕೊಂಡು ಆಮೇಲೆ ಯಾರು ಬಂದರೆಂದು ಫಿಲೋಮಿನಾಬಾಯಿಯನ್ನು ಕೇಳಿಯೇ ಇರಲಿಲ್ಲ. ಮಂದಾಕಿನಿ ಗಂಡನನ್ನು ಒಳಗೆಳೆದುಕೊಂಡು, ತಾನೇ ಅಗಳಿ ಹಾಕಿದಳು.