ಹನ್ನೆರಡು ಕ್ವಿಂಟಲ್

“ಏ ರಂಡೇರ, ಒಬ್ಬಾಕಿನೂ ಇಳೀಬಾರ್ದು! ಭಾರ ಕಮ್ಮಿ ಆಗ್ತದ!”

ಮನ್ಮಥಪ್ಪ ಸಾಹುಕಾರರು ನನ್ನ ಪಕ್ಕದ ಸೀಟಿನಿಂದ ತಲೆ ಹೊರಗೆ ಹಾಕಿ ಕೂಗಿದರು. ಔರಾದ ರಸ್ತೆಯ ದಿಬ್ಬ ಏರಿ ನಿಂತಿದ್ದೆವು. ಬೀದರದಿಂದ ತರಿಸಿದ ದೊಡ್ಡ ಪಿಕಪ್ ಗಾಡಿ. ಕೊಳ್ಳುವ ಮೊದಲು ಭಾರ ಹೇರಿ ನೋಡಬೇಕಿತ್ತು. ತೊಗರಿ ಚೀಲ ಹೇರಲು, ಇಳಿಸಲು ಹಮಾಲರು ಬೇಕು. ಮಂದಿಯಾದರೆ ತಾವೇ ಹತ್ತುತ್ತಾರೆ, ತಾವೇ ಇಳಿಯುತ್ತಾರೆ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರನ್ನು ಕರೆತಂದವನು ನಾನೇ, ಹದಿನೆಂಟು ವರ್ಷದಿಂದ ಸಾಹುಕಾರರ ಡ್ರೈವರ್. “ತಲಾ ಐವತ್ತು ಕೇಜಿ ಹಿಡೀರಿ, ಇಪ್ಪತ್ನಾಕು ಮಂದಿ, ಹನ್ನೆರಡು ಕ್ವಿಂಟಲ್” ಎಂದವನೂ ನಾನೇ. ಅದರೊಳಗೆ ನನ್ನ ಹೆಂಡತಿ ರುಕ್ಮಿಣಿ, ಮಗಳು ಸುಲಭಾ ಸೇರಿ ಒಂದು ಕ್ವಿಂಟಲ್.

“ಏನಲೇ ಮಚ್ಛೇಂದ್ರ, ಗಾಡಿ ಹ್ಯಾಂಗದ?”

“ಇಂಜಿನ್ ಗಟ್ಟಿ ಅದರಿ. ಏರಿನ್ಯಾಗ ಉಸಿರು ಬಿಡಲಿಲ್ಲ. ಎಣ್ಣಿ ಬಹಾಳ ಕುಡೀತದ, ಸಣ್ಣ ದಾರ್ಯಾಗ ತಿರುಗಸೋದು ತ್ರಾಸು. ಅಷ್ಟೇ ರಿ.”

“ಬ್ರೇಕ್?”

“ಜೋರ್ ಒತ್ತಿ ನೋಡಿಲ್ರಿ. ಹಿಂದ ಮಂದಿ ಅದಾರ.”

“ಅದಾರಂತೇ ನೋಡಬೇಕಲೇ. ಖಾಲಿ ಗಾಡಿ ಯಾವುದಾದ್ರೂ ನಿಲ್ತದ. ಇಳಕಲಿನ್ಯಾಗ ಅರವತ್ತಕ್ಕ ಒಯ್ದು ಒತ್ತು.”

ಒತ್ತಿದೆ.

ಕನ್ನಡಿಯಲ್ಲಿ ತಲೆಗಳೆಲ್ಲ ಒಮ್ಮೆಲೇ ಮಾಯವಾದವು. ಆಮೇಲೆ ಚೀರಾಟ. ಹಿಂದೆ ಹಿಡಿದುಕೊಳ್ಳಲು ಒಂದು ಸರಳೂ ಇರಲಿಲ್ಲ. ಹತ್ತಿಸುವಾಗಲೇ ಅದು ನನಗೆ ಗೊತ್ತಿತ್ತು.

“ಶಬಾಶ್! ಚಲೋ ಅದ ಇಲ್ಲೋ?” ಸಾಹುಕಾರರು ತೊಡೆ ತಟ್ಟಿಕೊಂಡರು.

“ಬ್ರೇಕ್ ಚಲೋ ಅದರಿ,” ಎಂದೆ. ಕಿಟಕಿ ತೆರೆದೇ ಇತ್ತು.

“ಇನ್ನೊಮ್ಮಿ. ಎಂಬತ್ತಕ್ಕ.”

ರುಕ್ಮಿಣಿ ಇಳಿದಳು. ತುಟಿ ಹರಿದು ರಕ್ತ ಕುಪ್ಪಸಕ್ಕೆ ತೊಟ್ಟಿಕ್ಕುತ್ತಿತ್ತು. ಹೊಲದ ಕಡೆ ಹೋಗುತ್ತಾಳೆ ಅಂದುಕೊಂಡೆ. ಇಪ್ಪತ್ತು ಹೆಜ್ಜೆ ಮುಂದೆ ನಡೆದು, ರಸ್ತೆಯ ನಡುವೆ ನಮ್ಮ ಕಡೆ ತಿರುಗಿ ನಿಂತಳು.

“ಬ್ರೇಕ್ ಚಲೋ ಅದ ಅಂದಿಯಲ್ಲ. ಇಲ್ಲಿ ನಿಂತೀನಿ. ಬಾ, ನಿಲ್ಲಸು.”

“ಆ ಹಾದರಗಿತ್ತಿಗಿ ಏನಾಗ್ಯದಲೇ? ಹಾರ್ನ್ ಹೊಡಿ!”

ಸುಲಭಾ ಇಳಿದು ಹೋಗಿ ತಾಯಿಯ ಬಲಕ್ಕೆ ನಿಂತಳು. ಉಳುಕಿದ ಕೈಯನ್ನು ಎದೆಗೆ ಅವಚಿಕೊಂಡು, ಅವರ ಜೊತೆ ಕಳೆ ತೆಗೆಯುವ ಖತೀಜಾ ಬೇಗಂ ಎಡಕ್ಕೆ ನಿಂತಳು. ಒಬ್ಬೊಬ್ಬರಾಗಿ ರಸ್ತೆ ತುಂಬಿತು.

“ಗಾಡಿ ಹೊಡಿಯಲೇ, ತಾವೇ ಸರೀತಾರ!”

ಕೀಲಿ ಕಿತ್ತುಕೊಂಡು ಇಳಿದೆ. ಅವರ ಸಾಲಿನ ತನಕ ಹೋದೆ. ಹೆಂಡತಿ ಮಗಳ ನಡುವೆ ನಿಲ್ಲಬೇಕೆಂದಿದ್ದೆ.

ಯಾರೂ ಸರಿದು ಜಾಗ ಕೊಡಲಿಲ್ಲ.