ಮನಸ್ಸಿನ ಬ್ಯಾನಿ, ಎದಿ ಬ್ಯಾನಿ

ಭೋಜ ಊರಿನ ಸುಂದರಾ ಮದುವೆಯಾದಾಗಿನಿಂದ ನಿಪ್ಪಾಣಿಯ ಒಂದು ತಂಬಾಕು ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ದುಡಿದವಳು. ಬೆಳಿಗ್ಗೆ ಗೆಳತಿಯರ ಜೊತೆ ಟೆಂಪೋ ಹತ್ತುವುದು, ತಂಬಾಕು ಜರಡಿ ಹಿಡಿಯುತ್ತ ಹಾಡು ಹೇಳುವುದು, ಒಬ್ಬರ ಬುತ್ತಿ ಇನ್ನೊಬ್ಬರು ಉಣ್ಣುವುದು. ಆಮೇಲೊಂದು ವರ್ಷ ಆ ವಖಾರ ಮುಚ್ಚಿಯೇ ಹೋಯಿತು. ಪಗಾರ ನಿಂತಿತು. ಗೆಳತಿಯರೂ ದಿಕ್ಕಿಗೊಬ್ಬರಾದರು.

ಸುಂದರಾ ಮಾತು ಕಡಿಮೆ ಮಾಡಿದಳು. ಕೂಲಿ ಸಿಕ್ಕ ದಿನ ಕಳೆ ತೆಗೆಯಲು ಹೋಗುವಳು, ಸಿಗದ ದಿನ ಗೋಡೆಗೆ ಮುಖ ಮಾಡಿ ಮಲಗುವಳು. ರೊಟ್ಟಿ ಸೇರಲೊಲ್ಲದು, ನಿದ್ದೆ ಹತ್ತಲೊಲ್ಲದು. ಮಿಶ್ರಿ ಮಾತ್ರ ಹೆಚ್ಚಾಯಿತು. ಹುರಿದ ತಂಬಾಕಿನ ಆ ಪುಡಿಯನ್ನು ಹಲ್ಲಿಗೆ ತಿಕ್ಕಿದರಷ್ಟೇ ಜೀವಕ್ಕೆ ಹಗುರ. ಮೊದಲಿನಿಂದ ನುಂಗುತ್ತಿದ್ದ ಬಿಪಿ ಗುಳಿಗೆ ತೀರಿದ್ದವು. ತರಲು ಮನಸ್ಸಿರಲಿಲ್ಲ.

ಗಂಡ ಧೂಳಪ್ಪ ಕಬ್ಬಿನ ಹೊಲದಲ್ಲಿ ದುಡಿಯುವವನು. ಕೆಟ್ಟವನಲ್ಲ. ಆದರೆ ಹೆಂಡತಿಗೆ ಏನಾಗಿದೆ ಅಂತ ಅವನಿಗೆ ತಿಳಿಯಲಿಲ್ಲ.

"ಆಕಿ ಮೈಗಳ್ಳತನ ಕಲತಾಳ, ತಂಗಿ," ಅಂತ ಓಣಿಯ ಆಶಾ ಕಾರ್ಯಕರ್ತೆ ಸಾರಿಕಾಳಿಗೆ ಹೇಳಿದ.

"ಹಂಗ ಅನಬ್ಯಾಡ್ರಿ ಕಾಕಾ. ಸುಂದರಾ ಮಾವಶಿಗೆ ಮನಸ್ಸಿನ ಬ್ಯಾನಿ ಆದಂಗ ಕಾಣತೈತಿ. ಖಿನ್ನತೆ ಅಂತಾರ ಅದಕ್ಕ. ಹಿಂಗ ಬಿಟ್ರ ಎದಿಗೂ ಧೋಕಾ, ಅಪಾಯ ಐತಿ. ಒಮ್ಮೆ ದವಾಖಾನಿಗೆ ತೋರಸ್ರಿ."

ಧೂಳಪ್ಪ ನಕ್ಕುಬಿಟ್ಟ. "ಹಾರ್ಟಿನ ಬ್ಯಾನಿ ಕುಂತು ಉಣ್ಣೋ ಸಾವುಕಾರ್ರಿಗೆ. ನಾವು ದುಡದ ತಿನ್ನವ್ರು. ನಮಗೆಲ್ಲಿಂದ ಬರತೈತಿ?"

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ನೀರಿನ ಕೊಡ ಇಳಿಸುತ್ತಲೇ ಸುಂದರಾ ಕಟ್ಟೆಯ ಮೇಲೆ ಕುಸಿದಳು. ಎದೆಯ ಮೇಲೆ ಕಲ್ಲು ಹೇರಿದ ಹಾಗೆ. ಎಡಗೈ, ದವಡೆ ಜಗ್ಗತೊಡಗಿದವು. ಮೈಯೆಲ್ಲ ತಣ್ಣನೆ ಬೆವರು.

"ಪಿತ್ತ ಆಗೈತಿ, ಸೋಡಾ ತರತೀನಿ," ಅಂತ ಧೂಳಪ್ಪ ಅಂಗಡಿಗೆ ಹೊರಟ. ಎದುರಿಗೆ ಬಂದ ಸಾರಿಕಾ ಸುಂದರಾಳ ಮುಖ ನೋಡಿದವಳೇ ಅವನನ್ನು ತಡೆದಳು.

"ಸೋಡಾ ಬ್ಯಾಡ ಕಾಕಾ! ೧೦೮ಕ್ಕ ಫೋನ್ ಹಚ್ಚತೀನಿ. ಮಾವಶಿ, ನೀ ಏಳಬ್ಯಾಡ. ಗ್ವಾಡಿಗೆ ಆತುಕೊಂಡು ಕುಂದ್ರು."

ನಿಪ್ಪಾಣಿಯಲ್ಲಿ ಇಸಿಜಿ ತೆಗೆದರು. ಹಾರ್ಟ್ ಅಟ್ಯಾಕ್! ಅಲ್ಲಿ ಕೊಡಬೇಕಾದ ಔಷಧ ಕೊಟ್ಟು ಬೆಳಗಾವಿಯ ದೊಡ್ಡ ದವಾಖಾನೆಗೆ ಕಳಿಸಿದರು. ಹೊತ್ತಿಗೆ ಸರಿಯಾಗಿ ತಲುಪಿದ್ದರಿಂದ ಜೀವ ಉಳಿಯಿತು.

ಮರುದಿನ ಅಲ್ಲಿನ ಡಾಕ್ಟರಮ್ಮ ಸುಂದರಾಳ ಹಾಸಿಗೆಯ ಹತ್ತಿರ ಕುಳಿತು ಕೇಳಿದರು. "ಅಕ್ಕಾ, ಎದಿ ನೋವು ಕಡಿಮಿ ಆತು. ಮನಸ್ಸು ಹೆಂಗೈತಿ?"

ಸುಂದರಾಳ ಕಣ್ಣು ತುಂಬಿ ಬಂದವು. "ವಖಾರ ಮುಚ್ಚಿದ ಮ್ಯಾಗ ನಾ ಯಾರಿಗೂ ಬ್ಯಾಡಾದೆ ಅನಸತೈತ್ರಿ. ಮುಂಜಾನೆ ಯಾಕ ಏಳಬೇಕು ಅನಸತೈತ್ರಿ."

ಧೂಳಪ್ಪ ತಲೆ ತಗ್ಗಿಸಿದ. ಇಷ್ಟು ದಿನ ಒಂದೇ ಮನೆಯಲ್ಲಿದ್ದೂ ಅವನು ಇದನ್ನು ಕೇಳಿರಲಿಲ್ಲ.

"ಮನಸ್ಸಿಗೂ ಎದಿಗೂ ಏನ ಸಂಬಂಧ್ರಿ, ಡಾಕ್ಟರಬಾಯಿ?" ಅಂದ.

"ಭಾಳ ಐತಿ. ಚಿಂತಿ ದಿನಾ ಉಳದ್ರ ಮೈ ಯಾವಾಗಲೂ ಅಂಜಿದಂಗ ಇರತೈತಿ. ಬಿಪಿ ಏರತೈತಿ, ನಿದ್ದಿ ಹೋಗತೈತಿ. ಖಿನ್ನತೆ ಆದವರು ಗುಳಿಗಿ ಬಿಡತಾರ, ತಂಬಾಕು ಹೆಚ್ಚ ಮಾಡತಾರ. ಕೈಯಾಗ ಕೆಲಸಿಲ್ಲದ ಮನ್ಯಾಗ ಚಿಂತಿನೂ ಹೆಚ್ಚ, ದವಾಖಾನಿಗೆ ಬರೂದೂ ತಡ. ಅದಕ್ಕ ಬಡವರ ಎದಿಗೆ ಧೋಕಾ ಹೆಚ್ಚ, ಕಡಿಮಿ ಅಲ್ಲ."

"ಹಂಗಾರ ತಪ್ಪು ಆಕೀದೇನ್ರಿ?"

"ಯಾರದೂ ಅಲ್ಲ. ಇದೂ ಒಂದು ಬ್ಯಾನಿ. ಎದಿಗೂ ಔಷಧ ಐತಿ, ಮನಸ್ಸಿಗೂ ಐತಿ."

ಊರಿಗೆ ಬಂದ ಮೇಲೆ ಧೂಳಪ್ಪನೇ ಹೆಂಡತಿಯನ್ನು ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ದ. ಗುಳಿಗೆ ನಡೆದವು, ಕೂತು ಮಾತಾಡುವುದೂ ನಡೆಯಿತು. ಮಿಶ್ರಿ ಬಿಡುವುದು ಸುಲಭವಾಗಲಿಲ್ಲ. ಬಿಟ್ಟು ಮತ್ತೆ ಹಿಡಿದಳು, ಹಿಡಿದು ಮತ್ತೆ ಬಿಟ್ಟಳು. ಡಾಕ್ಟರು ಹೇಳಿದಷ್ಟು ದೂರ ಗಂಡಹೆಂಡತಿ ಸಂಜೆ ಹೊಳೆ ದಂಡೆಗೆ ನಡೆದು ಬರತೊಡಗಿದರು. ಸಾರಿಕಾ ಅವಳನ್ನು ಸ್ತ್ರೀಶಕ್ತಿ ಸಂಘಕ್ಕೂ ಸೇರಿಸಿದಳು. ನಿಧಾನಕ್ಕೆ ರೊಟ್ಟಿ ರುಚಿಸಿತು, ನಿದ್ದೆ ಬಂತು.

ಒಂದು ದಿನ ವಖಾರದ ಹಳೆಯ ಗೆಳತಿ ಶೇವಂತಾ ಮಾತಾಡಿಸಲು ಬಂದಳು. ಚಹಾ ಕುಡಿಯುತ್ತ ದನಿ ತಗ್ಗಿಸಿ ಅಂದಳು: "ನನಗೂ ನಿದ್ದಿ ಇಲ್ಲವ್ವಾ. ಸುಮ್‌ಸುಮ್ನ ಅಳು ಬರತೈತಿ. ಮನಿ ಮಂದಿ ಸೋಗು ಅಂತಾರ."

ಸುಂದರಾ ಏನಾದರೂ ಹೇಳುವ ಮೊದಲೇ ಧೂಳಪ್ಪ ಒಳಗಿನಿಂದ ಬಂದ. "ಸೋಗಲ್ಲ ತಂಗಿ. ನಾನೂ ಹಂಗ ಅಂದು ಈಕೀನ್ನ ಕಳಕೊಳ್ಳಾಕತ್ತಿದ್ದೆ."

ಸುಂದರಾ ಗೆಳತಿಯ ಕೈ ಹಿಡಿದಳು. "ಬ್ಯಾನಿ ಎದಿಗೆ ಇಳಿಯೂತನಕ ಕಾಯಬ್ಯಾಡ ಶೇವಂತಾ. ನಾಳೆ ದವಾಖಾನಿಗೆ ನಡಿ, ನಾ ಬರತೀನಿ ನಿನ್ನ ಜೋಡಿ."

ಮರುದಿನ ಇಬ್ಬರೂ ಒಂದೇ ಬಸ್ಸು ಹತ್ತಿದರು.

ಅಕ್ಕಾ, ಅಣ್ಣಾ, ನಿಮ್ಮ ಮನೆಯಲ್ಲೂ ಯಾರಾದರೂ ಎರಡು ವಾರಕ್ಕಿಂತ ಹೆಚ್ಚು ದಿನ ಮಂಕಾಗಿದ್ದಾರೆಯೇ? ಊಟ, ನಿದ್ದೆ, ಕೆಲಸ ಯಾವುದೂ ಬೇಡವಾಗಿದೆಯೇ? ಬೈಯಬೇಡಿ, ನಗಬೇಡಿ. ಹತ್ತಿರ ಕುಳಿತು ಕೇಳಿ. ಆಶಾ ಕಾರ್ಯಕರ್ತೆಗೆ ಹೇಳಿ, ದವಾಖಾನೆಗೆ ಕರೆದೊಯ್ಯಿರಿ. ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿ, ಗುಳಿಗೆ ನಿಲ್ಲಿಸಬೇಡಿ, ತಂಬಾಕು ಬಿಡಿ. ಎದೆ ಹಿಂಡಿ ಬೆವರು ಬಂದರೆ ಪಿತ್ತ ಅಂತ ಕೂರದೆ ಕೂಡಲೇ ೧೦೮ಕ್ಕೆ ಕರೆ ಮಾಡಿ. "ಮನಸ್ಸು ಹೆಂಗೈತಿ?" ಈ ಒಂದು ಮಾತನ್ನು ಇವತ್ತೇ ನಿಮ್ಮವರಿಗೆ ಕೇಳಿ.